ಸವೆದ ಕೀಲಿಗೆ ವಾಷರು ಮದ್ದಲ್ಲ



ಹೋದ ಮಳೆಗಾಲಕ್ಕೆ ಮುಂಚೆ ಗೊಬ್ಬರದ ಟ್ರೈಲರ್ ಕಟ್ಟಿಕೊಂಡು ಕಾಫಿ ತೋಟದ ಇಳಿಜಾರಿನಲ್ಲಿ ಬರುತ್ತಿದ್ದೆ. ಇದ್ದಕ್ಕಿದ್ದಂತೆ ನನ್ನ ಸಣ್ಣ ಟ್ರ್ಯಾಕ್ಟರಿನ ಬಲ ಮುಂಗಾಲಿ ಒಂದು ಕಡೆಗೆ, ಎಡ ಮುಂಗಾಲಿ ಇನ್ನೊಂದು ಕಡೆಗೆ ತಿರುಗಿತು. ಕೈಯಲ್ಲಿದ್ದ ಸ್ಟಿಯರಿಂಗಿಗೂ ಎಡಗಾಲಿಗೂ ಸಂಬಂಧವೇ ಉಳಿದಿರಲಿಲ್ಲ. ಪುಣ್ಯಕ್ಕೆ ಮೊದಲನೇ ಗೇರಿನಲ್ಲಿದ್ದೆ. ಗಾಡಿ ಒಂದು ಸಿಲ್ವರ್ ಮರಕ್ಕೆ ಒರಗಿ ನಿಂತಿತು. ಅದರ ಕೆಳಗಿನ ಸಾಲಿನಲ್ಲಿ ನಾಲ್ಕು ಜನ ಹೆಣ್ಣಾಳುಗಳು ಕಳೆ ತೆಗೆಯುತ್ತಿದ್ದರು. ಇಳಿದು ನೋಡಿದರೆ ಟೈರಾಡಿನ ತುದಿಯ ಗುಂಡುಕೀಲು ಗೂಡಿನಿಂದ ಕಳಚಿ ಬಿದ್ದಿತ್ತು.

ಇದನ್ನು ಆಕಸ್ಮಿಕ ಎನ್ನಲಾರೆ. ಆರು ತಿಂಗಳ ಹಿಂದೆಯೇ ಸ್ಟಿಯರಿಂಗ್ ಸಡಿಲವಾಗಿದೆಯೆಂದು ರಿಪೇರಿಗೆ ಒಯ್ದಿದ್ದೆ. ಹೊಸ ಕೀಲು ಪೇಟೆಯಲ್ಲಿ ಸಿಗಲಿಲ್ಲ. ಗೂಡಿನ ಬಾಯಿಯನ್ನು ಸುತ್ತಿಗೆಯಿಂದ ಬಡಿದು ಬಿಗಿಮಾಡಿ, ನಟ್ಟಿಗೆ ಒಂದು ವಾಷರು ಕೊಟ್ಟು ಕಳಿಸಿದರು. ಖರ್ಚು ಉಳಿಯಿತೆಂದು ನಾನೂ ಹಿಗ್ಗಿದೆ. ತಪ್ಪಿನಲ್ಲಿ ನನ್ನ ಪಾಲೇ ಹೆಚ್ಚು.

ರಾಯಚೂರು ಜಿಲ್ಲೆಯ ಸಿಂಧನೂರು ಕಡೆ ಬಳಗಾನೂರಿನಲ್ಲಿ ನಮ್ಮ ಬೀಗರಿದ್ದಾರೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದ ಮೇಲೆ ಎಡದಂಡೆ ಕಾಲುವೆಯಿಂದ ಭತ್ತ ಕಂಡ ಸೀಮೆ ಅದು. ಕಪ್ಪು ಮಣ್ಣಿನ ಗದ್ದೆಯನ್ನು ಕೆಸರು ಮಾಡುವಾಗ ಟ್ರ್ಯಾಕ್ಟರಿನ ಮುಂದಿನ ಅಚ್ಚು ಮುಳುಗಿಯೇ ಇರುತ್ತದೆ. ನನ್ನ ಕಥೆ ಕೇಳಿ ಬೀಗರು, "ಮ್ಯಾಲಿನ ರಬ್ಬರ್ ಹರೀತಂದ್ರ ಕೀಲು ಹೋತಂತನೇ ತಿಳಕೋರಿ" ಎಂದರು. ರಬ್ಬರ್ ಟೊಪ್ಪಿಗೆ ಹರಿದರೆ ಒಳಗಿನ ಗ್ರೀಸು ಹೊರಗೆ, ಹೊರಗಿನ ಕೆಸರು ಒಳಗೆ. ಕೆಸರಿನ ಮರಳು ಗುಂಡನ್ನು ಸಾಣೆ ಹಿಡಿದ ಹಾಗೆ ತಿನ್ನುತ್ತದೆ. ಅವರ ಮನೆಯಲ್ಲಿ ಸಂಜೆ ಅಚ್ಚು ತೊಳೆದು, ಟೊಪ್ಪಿಗೆ ನೋಡಿಯೇ ಊಟಕ್ಕೆ ಏಳುವುದು. ನಾವೋ, ವರ್ಷದಲ್ಲಿ ಕೆಲವೇ ದಿನ ಓಡಿಸುತ್ತೇವೆ, ಉಳಿದ ದಿನ ಕೊಟ್ಟಿಗೆಯಲ್ಲಿದೆಯಲ್ಲ ಎಂಬ ಧೈರ್ಯ. ಅವರ ಗದ್ದೆ ಸಮತಟ್ಟು, ನಮ್ಮದು ಇಳಿಜಾರು ಎಂಬುದನ್ನು ಮರೆಯುತ್ತೇವೆ.

ಸವೆತ ಗುರುತಿಸುವುದು ಕಷ್ಟವಲ್ಲ. ಎಂಜಿನ್ ನಿಲ್ಲಿಸಿ, ಒಬ್ಬರು ಸ್ಟಿಯರಿಂಗನ್ನು ಸ್ವಲ್ಪ ಸ್ವಲ್ಪವೇ ಎಡಬಲ ಆಡಿಸಲಿ. ಇನ್ನೊಬ್ಬರು ಒಂದೊಂದೇ ಕೀಲಿನ ಮೇಲೆ ಕೈಯಿಟ್ಟು ನೋಡಲಿ. ಗಾಲಿ ಅಲ್ಲಾಡದೆ ಕೀಲು ಮಾತ್ರ ಕಟಕಟ ಎಂದರೆ ಅದು ಸವೆದಿದೆ. ಕೀಲುಗಳೆಲ್ಲ ಗಟ್ಟಿಯಿದ್ದೂ ಆಟ ಹೆಚ್ಚಿದ್ದರೆ ದೋಷ ಕಿಂಗ್ ಪಿನ್ನಿನಲ್ಲೋ, ಗಾಲಿಯ ಬೇರಿಂಗಿನಲ್ಲೋ, ಸ್ಟಿಯರಿಂಗ್ ಬಾಕ್ಸಿನಲ್ಲೋ ಇರಬಹುದು. ಇದನ್ನು ನೋಡದೆ ಕೀಲು ಬದಲಿಸಿ ದುಡ್ಡು ದಂಡ ಮಾಡಿಕೊಂಡವರೂ ಉಂಟು.

ಬದಲಿಸುವಾಗ ಒಂದೆರಡು ಮಾತು. ಕೀಲಿನ ಕಡ್ಡಿ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ತೋಳಿನ ತೂತಿನಲ್ಲಿ ಬೆಣೆಯ ಹಾಗೆ ಕಚ್ಚಿರುತ್ತದೆ. ಪುಲ್ಲರ್ ಹಾಕಿ ಬಿಡಿಸುವುದು ಉತ್ತಮ. ಗ್ಯಾಸಿನ ಬೆಂಕಿ ಕೊಟ್ಟು ಬಿಡಿಸಿದರೆ ತೋಳಿನ ಉಕ್ಕಿನ ಹದ ಕೆಡುತ್ತದೆ. ತೋಳಿನ ತೂತೇ ಸವೆದಿದ್ದರೆ ತೋಳನ್ನೂ ಬದಲಿಸಬೇಕು. ನನ್ನ ವಾಷರು ಮುಚ್ಚಿಟ್ಟದ್ದು ಇದನ್ನೇ. ಹಳೆಯ ಕೀಲನ್ನು ತಿರುಗಿಸಿ ತೆಗೆಯುವಾಗ ಸುತ್ತು ಎಣಿಸಿಟ್ಟುಕೊಳ್ಳಿ, ಹೊಸದನ್ನು ಅಷ್ಟೇ ಸುತ್ತು ಏರಿಸಿ. ಅನೇಕ ಟೈರಾಡುಗಳಲ್ಲಿ ಒಂದು ತುದಿಯ ಮರೆ ಎಡಗೈ ಮರೆ, ಗಮನವಿರಲಿ. ನಟ್ಟು ಬಿಗಿದ ಮೇಲೆ ಪಿನ್ನಿನ ತೂತು ಎದುರಾಗದಿದ್ದರೆ ಇನ್ನಷ್ಟು ಬಿಗಿಯಬೇಕೇ ಹೊರತು ಸಡಿಲಿಸಬಾರದು. ಸ್ಪ್ಲಿಟ್ ಪಿನ್ ಹೊಸದೇ ಆಗಬೇಕು. ಕೊನೆಗೆ ಮುಂಗಾಲಿಗಳ ನಡುವಿನ ಅಂತರವನ್ನು ಮುಂದೆಯೂ ಹಿಂದೆಯೂ ಅಳೆದು ಕಂಪೆನಿಯ ಪುಸ್ತಕದೊಂದಿಗೆ ತಾಳೆ ನೋಡಿ.

ಇಷ್ಟೆಲ್ಲ ತಿಳಿದಿದ್ದರೂ ಕೀಲೇ ಸಿಗದಿದ್ದರೆ ಏನು ಮಾಡುವುದು? ಕೊಯ್ಲಿನ ನಡುವೆ ವಾರಗಟ್ಟಲೆ ಗಾಡಿ ನಿಲ್ಲಿಸಲಾರದೆ ತಾನೇ ಜನ ವಾಷರಿಗೆ ಶರಣಾಗುವುದು. ಕೊಳೆರೋಗಕ್ಕೆಂದು ಮಳೆಗೆ ಮುಂಚೆಯೇ ಮೈಲುತುತ್ತ ತರಿಸಿಡುವ ನಮ್ಮ ಸಂಘದ ಉಗ್ರಾಣ, ನಾಲ್ಕಾರು ಜೊತೆ ಕೀಲು, ರಬ್ಬರ್ ಟೊಪ್ಪಿಗೆ, ಬಾಡಿಗೆಗೆ ಒಂದು ಪುಲ್ಲರ್ ಇಡಲಾರದೇ? ಒಂದೊಂದು ಮಾಡೆಲಿಗೆ ಒಂದೊಂದು ಕೀಲು, ಬಂಡವಾಳ ಕೊಳೆಯುತ್ತದೆ ಎಂದು ಆಡಳಿತ ಮಂಡಳಿಯವರು ಹೇಳಬಹುದು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಸದಸ್ಯರಲ್ಲಿ ಯಾರ ಬಳಿ ಯಾವ ಮಾಡೆಲ್ ಇದೆಯೆಂದು ಒಮ್ಮೆ ಬರೆದುಕೊಂಡರೆ ಸಾಕು. ನಾಲ್ಕೈದು ಜನರಲ್ಲಿರುವ ಮಾಡೆಲಿನ ಕೀಲು ಕೊಳೆಯುವುದಿಲ್ಲ. ಉಳಿದವರಿಗೆ ಮುಂಗಡ ಪಡೆದು ತರಿಸಿಕೊಡಬಹುದು.

ಬರುವ ಮಹಾಸಭೆಯಲ್ಲಿ ಈ ವಿಷಯ ಎತ್ತುವವನಿದ್ದೇನೆ. ನನ್ನ ಹಳೆಯ ಕೀಲನ್ನೂ ಜೇಬಿನಲ್ಲಿ ಹಾಕಿಕೊಂಡು ಬರುತ್ತೇನೆ. ಅನುಮಾನವಿದ್ದವರು ಕೈಯಲ್ಲಿ ಹಿಡಿದು ನೋಡಲಿ.