ನೀರಿಳಿದಾಗ ತೋರುವ ಇಗರ್ಜಿ

ಹಂದ್ರಿ ನದಿಗೆ ಕಟ್ಟಿದ ಗಾಜುಲದಿನ್ನೆಯ ಜಲಾಶಯ ನಮ್ಮ ಗೋನೆಗಂಡ್ಲದ ನೆರೆಯಲ್ಲೇ ಇದೆ. ಬೇಸಗೆಯಲ್ಲಿ ಶ್ರೀಶೈಲದ ಹಿನ್ನೀರು ಇಳಿದಾಗ ಸಂಗಮೇಶ್ವರನ ಗುಡಿ ಮೇಲೆದ್ದು ತೋರುವುದನ್ನೂ ವಾಚಕರಲ್ಲಿ ಅನೇಕರು ಬಲ್ಲರು. ಅಂತಹುದೇ ಇನ್ನೊಂದು ಗುರುತು ಹಾಸನದ ಸಮೀಪದ ಶೆಟ್ಟಿಹಳ್ಳಿಯಲ್ಲಿದೆ.

19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಅಲ್ಲಿ ಜಪಮಾಲೆ ಮಾತೆಯ ಇಗರ್ಜಿಯನ್ನು ಕಟ್ಟಿಸಿದರು. 1979ರಲ್ಲಿ ಗೊರೂರಿನ ಬಳಿ ಹೇಮಾವತಿಯ ಅಣೆಕಟ್ಟು ಮುಗಿಯಿತು. ಹೊಲಮನೆಗಳು ಮುಳುಗಿದವು; ಊರವರು ಬೇರೆಡೆ ನೆಲೆಸಿದರು. ಇಗರ್ಜಿಯೊಂದು ನಿಂತಿತು. ಜಲಾಶಯ ತುಂಬಿದಾಗ ಅದು ಅರ್ಧ ಮುಳುಗುತ್ತದೆ. ಬೇಸಗೆಯಲ್ಲಿ ಅದರ ಬಾಗಿಲವರೆಗೂ ನಡೆದು ಹೋಗಬಹುದು. ಛಾವಣಿ ಇಲ್ಲ, ಎತ್ತರದ ಕಮಾನುಗಳ ಮೇಲೆ ಬರಿಯ ಆಕಾಶ.

ನೋಡಬಂದವರು ಅದರ ಸೊಬಗನ್ನು ಮೆಚ್ಚಿ, ಚಿತ್ರ ತೆಗೆದುಕೊಂಡು ಮರಳುತ್ತಾರೆ. ಆದರೆ ಕೆಳಗಿನ ಊರುಗಳ ಗದ್ದೆಗೆ ನೀರು ಹರಿಯಲೆಂದು ಮೇಲಿನ ಊರು ತೆತ್ತ ಬೆಲೆ ಅದು. ವರ್ಷವರ್ಷವೂ ನೀರು ಏರಿ ಇಳಿದು ಗೋಡೆಯ ಗಾರೆಯನ್ನು ಸವೆಸುತ್ತಿದೆ. ಆ ಗೋಡೆಗಳೂ ಉರುಳಿದರೆ, ಇಲ್ಲೊಂದು ಊರಿತ್ತೆಂದು ಹೇಳುವ ಗುರುತು ಉಳಿಯದು. ಕಾಲುವೆಯ ನೀರಿನಲ್ಲಿ ಬೆಳೆದ ಅನ್ನವನ್ನುಣ್ಣುವ ನಾವು, ಮುಳುಗಿದ ಊರುಗಳ ಹೆಸರನ್ನಾದರೂ ಮಕ್ಕಳಿಗೆ ಹೇಳಿಕೊಡೋಣ.