ಗೊತ್ತಿಲ್ಲ ಅನ್ನೋದು ಹಸಿರಲ್ಲ

ನಮ್ಮ ತೋಟದ ಪಂಪ್‌ಹೌಸಿನಲ್ಲಿ ಸ್ಟಾರ್ಟರ್ ಪಕ್ಕ ಮೂರು ಪುಟ್ಟ ದೀಪಗಳಿದ್ದವು. ಕೆಂಪು, ಹಳದಿ, ನೀಲಿ. ಮೂರು ಫೇಸಿಗೆ ಮೂರು ದೀಪ. ಮೂರೂ ಉರಿಯೋದನ್ನ ನೋಡಿದ ಮೇಲೇ ಅಪ್ಪ ಬಟನ್ ಒತ್ತುತ್ತಿದ್ದರು. ಒಂದು ದೀಪ ಆರಿದ್ದರೆ ಎರಡು ಅರ್ಥ: ಒಂದೋ ಫೇಸ್ ಇಲ್ಲ, ಇಲ್ಲಾ ಬಲ್ಬೇ ಹೋಗಿದೆ. "ಬಲ್ಬ್ ಹೋಗಿರ್ಬೇಕು ಬಿಡು" ಅಂತ ಅವರು ಮೋಟರ್ ಹಾಕಿದ್ದನ್ನ ನಾನು ಒಂದು ದಿನವೂ ಕಾಣಲಿಲ್ಲ. "ಟೆಸ್ಟರ್ ತಗೊಂಡ್ಬಾ" ಅಂತಿದ್ದರು. ಎರಡೇ ಫೇಸಿನಲ್ಲಿ ಮೋಟರ್ ಓಡಿದರೆ ಕಾಯಿಲ್ ಸುಡುತ್ತೆ, ರಿವೈಂಡಿಂಗ್ ಆಗಿ ಬರೋ ಹೊತ್ತಿಗೆ ಬೆಳೆ ಒಣಗಿರುತ್ತೆ. ಏಳನೇ ಕ್ಲಾಸ್ ಓದಿದ ಅಪ್ಪನಿಗೆ ತಿಳಿದಿದ್ದ ಈ ಮಾತು ಬಿಇ ಮಾಡಿದ ನಮಗೆ ಯಾಕೆ ತಿಳಿಯಲ್ಲ? ಇದೇ ನನ್ನ ಜಗಳ.

ನನ್ನ ಕೆಲಸ ಒಂಥರಾ ದುಭಾಷಿಯದ್ದು. ಸರ್ವರ್, ಸ್ವಿಚ್, ಯುಪಿಎಸ್‌ಗಳು ಹೇಳೋ ಅಂಕಿಗಳನ್ನ ಮಾನಿಟರಿಂಗ್ ಸಾಫ್ಟ್‌ವೇರಿಗೆ ಅರ್ಥವಾಗೋ ಹಾಗೆ ಬದಲಾಯಿಸಿ ಕೊಡಬೇಕು. ನಾಗಿಯೋಸ್ ಮತ್ತು ಅದರ ದಾರಿ ಹಿಡಿದ ಸಾಫ್ಟ್‌ವೇರುಗಳಿಗೆ ನಾಲ್ಕೇ ಅಂಕಿ ಗೊತ್ತು: 0 ಅಂದ್ರೆ ಸರಿಯಿದೆ, 1 ಎಚ್ಚರಿಕೆ, 2 ಅಪಾಯ, 3 ಗೊತ್ತಿಲ್ಲ. ಸಾಧನಗಳ ಭಾಷೆ ಬೇರೆ. ಯುಪಿಎಸ್‌ಗಳಿಗಾಗಿ 1994ರಲ್ಲಿ ಬಂದ ಆರ್‌ಎಫ್‌ಸಿ 1628ರಲ್ಲಿ ಬ್ಯಾಟರಿಯ ಸ್ಥಿತಿ ಹೀಗೆ: 1 ಗೊತ್ತಿಲ್ಲ, 2 ಮಾಮೂಲು, 3 ಕಡಿಮೆಯಾಗಿದೆ, 4 ಖಾಲಿ. ನೇರವಾಗಿ ದಾಟಿಸಿದರೆ ಗಟ್ಟಿಮುಟ್ಟಾದ ಬ್ಯಾಟರಿ "ಅಪಾಯ" ಅಂತ ಕಿರುಚುತ್ತೆ. ನೆಟ್‌ವರ್ಕ್ ಪೋರ್ಟಿನ ವಿಷಯದಲ್ಲಿ 1 ಅಂದ್ರೆ ಚಾಲೂ, 2 ಅಂದ್ರೆ ಬಂದ್. ಒಂದೊಂದಕ್ಕೆ ಒಂದೊಂದು ಪದಕೋಶ. ಹಾಗಾಗಿ ನಡುವೆ ಒಬ್ಬ ಮನುಷ್ಯ ಕೂತು ತೀರ್ಮಾನ ಮಾಡಲೇಬೇಕು.

ಎಡವಟ್ಟು ಆಗೋದು ಕೋಡಿನ ಕೊನೇ ಸಾಲಿನಲ್ಲಿ. 3 ಬಂದರೆ ಎಚ್ಚರಿಕೆ, 4 ಬಂದರೆ ಅಪಾಯ, "ಉಳಿದಿದ್ದೆಲ್ಲ ಸರಿಯಿದೆ." ಆ ಉಳಿದಿದ್ದರೊಳಗೆ "ಗೊತ್ತಿಲ್ಲ"ವೂ ಇದೆ ಅಲ್ವೇನ್ರೀ?

ಹಿಂದೆ ಕೆಲಸ ಮಾಡ್ತಿದ್ದ ಕಂಪನಿಯಲ್ಲಿ ನಾನು ಮೊದಲು ಅದನ್ನ 3 ಅಂತಲೇ ಬರೆದಿದ್ದೆ. ಒಂದು ಯುಪಿಎಸ್ ಬಣ್ಣ ಬದಲಾಯಿಸಿಕೊಂಡು ಕೂತಿತು. ಗೋಡೆಯ ದೊಡ್ಡ ಪರದೆಯಲ್ಲಿ ಅದೊಂದೇ ಚೌಕ ಬೇರೆ ಬಣ್ಣ. "ಕ್ಲೈಂಟ್ ಬರ್ತಿದ್ದಾರೆ, ಅದನ್ನ ಹಸಿರು ಮಾಡಿ" ಅಂದರು ಮ್ಯಾನೇಜರ್. ಬ್ಯಾಟರಿ ನೋಡಿಸಿ ಅನ್ನಲಿಲ್ಲ, ಹಸಿರು ಮಾಡಿ ಅಂದರು. ಮಾಡಿದೆ. ಒಂದೇ ಅಂಕಿ, ಅರ್ಧ ನಿಮಿಷದ ಕೆಲಸ. ಮೂರು ವಾರದ ಮೇಲೆ ಒಂದು ರಾತ್ರಿ ಕರೆಂಟ್ ಹೋಯ್ತು. ಜನರೇಟರ್ ಚಾಲೂ ಆಗೋವರೆಗೂ ಆ ಬ್ಯಾಟರಿ ತಡೆಯಲಿಲ್ಲ. ರ‍್ಯಾಕಿಗೆ ರ‍್ಯಾಕೇ ಮಲಗಿತು. ಬೆಳಿಗ್ಗೆ ಲಾಗ್ ತೆಗೆದು ನೋಡಿದರೆ ಪಾಪದ ಯುಪಿಎಸ್ ಅಷ್ಟೂ ದಿನ "ಗೊತ್ತಿಲ್ಲ, ಗೊತ್ತಿಲ್ಲ" ಅಂತಲೇ ಹೇಳ್ತಿತ್ತು. ಸುಳ್ಳು ಹೇಳಿದ್ದು ಯಂತ್ರ ಅಲ್ಲ, ದುಭಾಷಿ. ಮ್ಯಾನೇಜರ್ ಹೇಳಿದ್ದು ನಿಜ, ಆದರೆ ಬದಲಾಯಿಸಿದ ಕೈ ನನ್ನದೇ.

ಇದು ಬರೀ ಆಫೀಸಿನ ಗೋಳು ಅನ್ನಬೇಡಿ. 1979ರ ಮಾರ್ಚ್ 28ರ ಬೆಳಗಿನ ಜಾವ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒತ್ತಡ ಇಳಿಸೋ ಒಂದು ವಾಲ್ವ್ ತೆರೆದುಕೊಂಡು ಹಾಗೇ ಸಿಕ್ಕಿಹಾಕಿಕೊಂಡಿತು. ಕಂಟ್ರೋಲ್ ರೂಮಿನ ದೀಪ ಮಾತ್ರ ಆರಿತ್ತು. ವಾಲ್ವ್ ಮುಚ್ಚಿದೆ ಅಂದುಕೊಂಡರು ಅಲ್ಲಿದ್ದವರು. ಆದರೆ ಆ ದೀಪ ಹೇಳ್ತಿದ್ದದ್ದು ಮುಚ್ಚೋಕೆ ಸಂಕೇತ ಹೋಗಿದೆ ಅನ್ನೋದನ್ನ ಮಾತ್ರ. ವಾಲ್ವ್ ನಿಜವಾಗಿ ಮುಚ್ಚಿತಾ ಅಂತ ಆ ದೀಪಕ್ಕೆ ಗೊತ್ತೇ ಇರಲಿಲ್ಲ. ಎರಡು ಗಂಟೆಗೂ ಹೆಚ್ಚು ಹೊತ್ತು ತಂಪು ಮಾಡೋ ನೀರು ಸೋರಿತು, ರಿಯಾಕ್ಟರಿನ ಒಡಲಿನ ಒಂದು ಭಾಗ ಕರಗಿತು. ಬೇರೆ ತಪ್ಪುಗಳೂ ಸೇರಿದ್ದವು, ಆದರೆ ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ತೋರಿಸಿದ ದೀಪದ ಪಾಲು ಚಿಕ್ಕದಲ್ಲ.

"ಎಲ್ಲದಕ್ಕೂ ಗಂಟೆ ಬಾರಿಸಿದರೆ ಯಾರೂ ಕಿವಿಗೊಡಲ್ಲ, ತೋಳ ಬಂತು ತೋಳ ಕತೆ ಆಗುತ್ತೆ" ಅಂತಾರೆ ಗೆಳೆಯರು. ಒಪ್ಪುತ್ತೀನಿ, ರಾತ್ರಿ ಎರಡು ಗಂಟೆಗೆ ಸುಮ್ಮಸುಮ್ಮನೆ ಫೋನ್ ಬಡ್ಕೊಂಡು ನಿದ್ದೆ ಕಳ್ಕೊಂಡವನು ನಾನೂ. ಆದರೆ ತೋಳ ಬಂತು ಅಂತ ಕೂಗೋದು ಬೇರೆ, ಕುರಿ ಲೆಕ್ಕ ಸಿಗ್ತಿಲ್ಲ ಅನ್ನೋದು ಬೇರೆ. "ಗೊತ್ತಿಲ್ಲ" ಬಂದರೆ ಮೂರು ಸಲ ಮತ್ತೆ ಕೇಳಿ ನೋಡಿ, ಅದಕ್ಕೆ ಅನುಕೂಲ ಸಾಫ್ಟ್‌ವೇರಿನಲ್ಲೇ ಇದೆ. ಆಗಲೂ ಉತ್ತರ ಬರದಿದ್ದರೆ ಬೇರೆ ಬಣ್ಣದಲ್ಲಿ ತೋರಿಸಿ. ರಾತ್ರಿ ಎಬ್ಬಿಸಬೇಡಿ, ಬೆಳಿಗ್ಗೆ ಒಬ್ಬರ ಹೆಸರಿಗೆ ಕೆಲಸ ಹಚ್ಚಿ. ಪಟ್ಟಿಯಲ್ಲಿ ಇಲ್ಲದ ಹೊಸ ಅಂಕಿ ಬಂದರೂ ಅದು 3 ಆಗಲಿ, 0 ಬೇಡವೇ ಬೇಡ.

ಇನ್ನೊಂದು ಮಾತು. ಹತ್ತು ಭಾಗಗಳ ಸ್ಥಿತಿ ಸೇರಿಸಿ ಒಂದು ಮಾಡೋವಾಗ ದೊಡ್ಡ ಅಂಕಿಯನ್ನೇ ಆರಿಸೋ ಚಾಳಿ ಇದೆ. 3 ಬಂದು 2ನ್ನ ಮುಚ್ಚಿಹಾಕುತ್ತೆ, ಉರೀತಿರೋ ಬೆಂಕಿ "ಗೊತ್ತಿಲ್ಲ"ದ ಹಿಂದೆ ಅಡಗುತ್ತೆ. ಅಪಾಯವೇ ಮೊದಲು ಅಂತ ಸಾಲು ನೀವೇ ಹಾಕಿಕೊಡಿ.

ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋಕೆ ನಮ್ಮ ಆಫೀಸುಗಳಲ್ಲಿ ಮನುಷ್ಯರಿಗೇ ನಾಚಿಕೆ. ಆ ನಾಚಿಕೆಯನ್ನ ಈಗ ಯಂತ್ರಗಳಿಗೂ ಕಲಿಸ್ತಿದ್ದೀವಿ. ಎಲ್ಲಾ ಹಸಿರಾಗಿರೋ ಪರದೆ ಕಂಡರೆ ನನಗೀಗ ಖುಷಿ ಆಗಲ್ಲ, ಇದನ್ನ ಬರೆದವರು ಯಾರಪ್ಪಾ, ಕೊನೇ ಸಾಲಲ್ಲಿ ಏನು ಹಾಕಿದ್ದಾರೆ ಅಂತ ಕೇಳ್ತೀನಿ. ನೀವೂ ಇವತ್ತೇ ನಿಮ್ಮ ಕೋಡಿನ ಕೊನೇ ಸಾಲು ತೆಗೆದು ನೋಡಿ.