ಎಂಡಿ ಮಾಡಿದ ಡಾಕ್ಟರು ಇನ್ನೊಬ್ಬರನ್ನು ಕೇಳಿದರೆ ಅವರಿಗೆ ಗೊತ್ತಿಲ್ಲ ಅಂತ ಅರ್ಥವೇ?

"ಎಂಡಿ ಮಾಡಿದ್ದಾರಂತೆ, ಆದ್ರೂ ಬೇರೆ ಡಾಕ್ಟರಿಗೆ ಫೋನ್ ಮಾಡಿ ಕೇಳ್ತಾರೆ. ಇವರಿಗೇನು ಗೊತ್ತಿರುತ್ತೆ?" ಆಸ್ಪತ್ರೆ ಕಾರಿಡಾರಿನಲ್ಲಿ, ಫ್ಯಾಮಿಲಿ ಗ್ರೂಪಿನಲ್ಲಿ ಈ ಮಾತನ್ನು ನೀವೂ ಕೇಳಿರಬಹುದು. ಡಿಗ್ರಿ ಸಿಕ್ಕಿದರೆ ಕಲಿಕೆ ಮುಗಿಯಿತು ಅನ್ನುವ ನಂಬಿಕೆ ಇದರ ಹಿಂದಿದೆ. ವೈದ್ಯಕೀಯದ ಸಣ್ಣ ವಿಭಾಗಗಳಲ್ಲಂತೂ ಈ ನಂಬಿಕೆ ಪೂರ್ತಿ ತಪ್ಪು.

ಹೆರಿಗೆ ಅಥವಾ ಮೂಳೆ ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ ಸಾಮಾನ್ಯವಾಗಿ ಪಕ್ಕದ ಕೋಣೆಯಲ್ಲೇ ಸೀನಿಯರ್ ಇರುತ್ತಾರೆ. ವಂಶವಾಹಿ ಕಾಯಿಲೆಗಳು, ಮಕ್ಕಳ ಸಂಧಿವಾತ, ಉಪಶಮನ ಆರೈಕೆ ಇಂಥ ವಿಭಾಗಗಳಲ್ಲಿ ಹಾಗಲ್ಲ. ಇಡೀ ಆಸ್ಪತ್ರೆಗೆ, ಕೆಲವೊಮ್ಮೆ ಇಡೀ ಜಿಲ್ಲೆಗೆ ಒಬ್ಬರೇ.

ಉಪಶಮನ ಆರೈಕೆಯನ್ನೇ ನೋಡಿ. ಆಸ್ಪತ್ರೆಗಳಲ್ಲಿ ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ. ಗಂಭೀರ ಕಾಯಿಲೆಯಿರುವವರ ನೋವು, ವಾಂತಿ, ಉಸಿರಾಟದ ಕಷ್ಟ ಕಡಿಮೆ ಮಾಡುವ ಕೆಲಸ ಇದು. (ಕೊನೇ ದಿನಗಳಿಗೆ ಮಾತ್ರ ಅನ್ನುವುದೂ ಒಂದು ತಪ್ಪು ಕಲ್ಪನೆ.) ಭಾರತದಲ್ಲಿ ಇದಕ್ಕೆ ಎಂಡಿ ಮಾನ್ಯತೆ ಸಿಕ್ಕಿದ್ದು 2010ರಲ್ಲಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಕೋರ್ಸ್ ಶುರುವಾಗಿದ್ದು 2012ರಲ್ಲಿ. ಹೀಗಾಗಿ ಈ ಕೋರ್ಸ್ ಮಾಡಿ ಬಂದ ಸೀನಿಯರ್‌ಗಳೇ ಕಡಿಮೆ.

ಜೊತೆಗೆ ಮಾರ್ಫಿನ್ ಕಥೆ. 1985ರ ಮಾದಕ ವಸ್ತು ಕಾಯ್ದೆಯ ಬಿಗಿ ನಿಯಮಗಳಿಂದ ಅದರ ವೈದ್ಯಕೀಯ ಬಳಕೆಯೇ ಕುಸಿಯಿತು. ಅನೇಕ ವೈದ್ಯರು ಒಂದು ಸಲವೂ ಮಾರ್ಫಿನ್ ಬರೆಯದೆ ಓದು ಮುಗಿಸಿದರು. 2014ರ ತಿದ್ದುಪಡಿ ನಿಯಮಗಳನ್ನು ಸಡಿಲಿಸಿತು. ಆದರೆ ತಿದ್ದುಪಡಿಯಿಂದ ಕೈ ಪಳಗುವುದಿಲ್ಲವಲ್ಲ?

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಮಾರ್ಫಿನ್ ಮಾತ್ರೆಯಿಂದ ನೋವು ತಗ್ಗಿ ಚೆನ್ನಾಗಿದ್ದ ರೋಗಿಗೆ ಇದ್ದಕ್ಕಿದ್ದಂತೆ ಮಂಪರು, ಕೈಕಾಲು ಅದುರುವುದು. ಕಾಯಿಲೆ ಏರಿತೇ? ಅಥವಾ ಕಿಡ್ನಿ ಸೋತು ಔಷಧದ ಅಂಶ ಹೊರಹೋಗದೆ ದೇಹದಲ್ಲೇ ಉಳಿಯುತ್ತಿದೆಯೇ? ಎರಡೂ ಪುಸ್ತಕದಲ್ಲಿವೆ. ಈ ರೋಗಿಯಲ್ಲಿ ಯಾವುದು, ಡೋಸ್ ಇಳಿಸಬೇಕೋ ಬೇರೆ ಔಷಧಕ್ಕೆ ಹೋಗಬೇಕೋ ಅನ್ನುವುದು ಪುಸ್ತಕದಲ್ಲಿಲ್ಲ. ಒಂಟಿಯಾಗಿರುವ ಹೊಸ ಡಾಕ್ಟರು ಹೆದರಿ ಮಾರ್ಫಿನ್ನನ್ನೇ ನಿಲ್ಲಿಸಿಬಿಟ್ಟರೆ ರಾತ್ರಿಯಿಡೀ ನರಳುವುದು ರೋಗಿ. ಇಂಥ ಹೊತ್ತಿಗೆ ಕರೆ ಮಾಡಲು ಒಬ್ಬರಿರಲಿ ಎಂದೇ ಮೆಂಟರ್ ವ್ಯವಸ್ಥೆ.

ಮೆಂಟರ್ ಎಂದರೆ ವಿಭಾಗದ ಮುಖ್ಯಸ್ಥರಲ್ಲ. ಬಡ್ತಿ, ರಜೆ, ಪರೀಕ್ಷೆ ಯಾರ ಕೈಯಲ್ಲಿದೆಯೋ ಅವರ ಮುಂದೆ "ನನಗೆ ಇದು ಗೊತ್ತಾಗುತ್ತಿಲ್ಲ" ಎನ್ನುವುದು ಕಷ್ಟ. ಸಣ್ಣ ವಿಭಾಗದಲ್ಲಿ ಇದು ಇನ್ನೂ ಸಿಕ್ಕಲು, ಎಲ್ಲರಿಗೂ ಎಲ್ಲರೂ ಪರಿಚಯ. ಇವತ್ತಿನ ಮೆಂಟರ್ ನಾಳೆ ಸಂದರ್ಶನದ ಮೇಜಿನ ಆಚೆ ಕೂತಿರಬಹುದು. ಆದ್ದರಿಂದ ಬೇರೆ ಊರಿನ, ಬೇರೆ ಸಂಸ್ಥೆಯ ಹಿರಿಯರನ್ನು ಜೊತೆ ಮಾಡುವ ಕಾರ್ಯಕ್ರಮಗಳೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ದೂರದಿಂದ ಇದು ನಡೆಯುತ್ತದೆಯೇ? ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಲಿವರ್ ತಜ್ಞ ಸಂಜೀವ್ ಅರೋರಾ 2003ರಲ್ಲಿ ಎಕೋ ಎಂಬ ಯೋಜನೆ ಶುರುಮಾಡಿದರು. ಹಳ್ಳಿಗಳ ವೈದ್ಯರು ವಿಡಿಯೊ ಮೂಲಕ ತಜ್ಞರ ಮುಂದೆ, ರೋಗಿಯ ಹೆಸರು ಹೇಳದೆ, ಕೇಸ್ ಚರ್ಚಿಸುತ್ತಿದ್ದರು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಪಟೈಟಿಸ್ ಸಿ ಗುಣವಾದ ಪ್ರಮಾಣ ವಿಶ್ವವಿದ್ಯಾಲಯದ ಕ್ಲಿನಿಕ್‌ನಲ್ಲಿ 57.5%, ಎಕೋ ಕೇಂದ್ರಗಳಲ್ಲಿ 58.2%. ಹೆಚ್ಚುಕಡಿಮೆ ಸಮ! ಇದೇ ಮಾದರಿಯನ್ನು ಬೆಂಗಳೂರಿನ ನಿಮ್ಹಾನ್ಸ್ ವ್ಯಸನ ಮತ್ತು ಮಾನಸಿಕ ಆರೋಗ್ಯಕ್ಕೆ, ತಿರುವನಂತಪುರದ ಪ್ಯಾಲಿಯಂ ಇಂಡಿಯಾ ಉಪಶಮನ ಆರೈಕೆಗೆ ಬಳಸಿವೆ.

ಇದರಲ್ಲಿ ಕೇಸ್ ಕಲಿಕೆಯೇ ಹೆಚ್ಚು. ಸಾವುಗಳನ್ನು ದಿನವೂ ನೋಡುವ ದಣಿವು, ಈ ವಿಭಾಗದಲ್ಲೇ ಉಳಿಯಬೇಕೇ ಅನ್ನುವ ಪ್ರಶ್ನೆ, ಇವಕ್ಕೆ ಒಬ್ಬರೊಂದಿಗೆ ಒಬ್ಬರ ಮಾತೇ ಬೇಕು. ಹಾಗೆ ಮಾತಾಡಲು ಹಿರಿಯರಿಗೆ ಸಮಯ ಬೇಕು. ಅದನ್ನು ಡ್ಯೂಟಿ ಪಟ್ಟಿಯಲ್ಲಿ ಲೆಕ್ಕ ಹಿಡಿಯದಿದ್ದರೆ ಕಾರ್ಯಕ್ರಮ ಪೋಸ್ಟರಿನಲ್ಲೇ ಉಳಿಯುತ್ತದೆ. ಡಾಕ್ಟರುಗಳ ವಾಟ್ಸಾಪ್ ಗ್ರೂಪ್ ಸಾಲದೇ ಎಂದರೆ, ಅಲ್ಲಿ ಉತ್ತರ ಬೇಗ ಸಿಗಬಹುದು, ಆದರೆ ನಾಳೆ ರೋಗಿ ಹೇಗಿದ್ದಾರೆ ಎಂದು ಕೇಳುವ ಹೊಣೆ ಯಾರದ್ದೂ ಅಲ್ಲ.

ಮುಂದಿನ ಸಲ ನಿಮ್ಮ ಡಾಕ್ಟರು "ಸೀನಿಯರ್ ಹತ್ತಿರ ಕೇಳಿ ಹೇಳ್ತೀನಿ" ಅಂದರೆ ಗಾಬರಿ ಬೇಡ. ಉತ್ತರ ಯಾವಾಗ ಸಿಗುತ್ತದೆ, ಅಲ್ಲಿಯವರೆಗೆ ನೋವಿಗೆ ಏನು ಕೊಡಬೇಕು, ರಾತ್ರಿ ತೊಂದರೆಯಾದರೆ ಯಾರಿಗೆ ಕರೆ ಮಾಡಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳಿ.